ಹಳೆಯ ಜೀಪಿಗೆ ದೊಡ್ಡ ಟಯರು

ಅಂಕೋಲೆಯಿಂದ ಯಲ್ಲಾಪುರಕ್ಕೆ ಅರಬೈಲ ಘಟ್ಟ ಹತ್ತಬೇಕು. ಕಾರವಾರದ ಸುತ್ತ ಮಳೆಗಾಲದ ಕೆಸರುದಾರಿಗಳಿಗೆ ಬರವಿಲ್ಲ. ಇಂಥಲ್ಲಿ ಹಳೆಯ ಜೀಪುಳ್ಳವರಿಗೆ ದೊಡ್ಡ ಟಯರಿನ ಆಸೆ ಸಹಜವೇ. ಆದರೆ ಮೊದಲು ಲೆಕ್ಕ ಹಾಕಿರಿ.

ಹಳೆಯ ಮಹೀಂದ್ರ ಜೀಪಿನ ಟಯರು 6.00-16, ಎಂದರೆ 6 ಅಂಗುಲ ದಪ್ಪ, 16 ಅಂಗುಲದ ರಿಮ್ಮು. ಟಯರಿನ ಎತ್ತರವೂ ಹೆಚ್ಚುಕಡಿಮೆ ದಪ್ಪದಷ್ಟೇ. ಆದ್ದರಿಂದ ಚಕ್ರದ ವ್ಯಾಸ ಸುಮಾರು 28 ಅಂಗುಲ. 7.00-16 ಹಾಕಿಸಿದರೆ ಅದು 30 ಆಗುತ್ತದೆ. ಜೀಪು ಮೇಲೇಳುವುದು ಮಾತ್ರ ಒಂದೇ ಅಂಗುಲ!

ವೇಗದ ಮೀಟರು ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ದೂರವನ್ನಲ್ಲ. ಮುಳ್ಳು 56 ತೋರಿಸಿದಾಗ ನೀವು 60 ಕಿಲೋಮೀಟರ್ ವೇಗದಲ್ಲಿರುತ್ತೀರಿ. ಏರಿನಲ್ಲಿ ಎಂಜಿನ್ನು ಏಗಬೇಕು. ಇಳಿಜಾರಂತೂ ಇನ್ನೂ ಕಠಿಣ: ಚಕ್ರ ದೊಡ್ಡದಾದರೂ ಬ್ರೇಕಿನ ಡ್ರಮ್ಮು ಹಿಂದಿನದೇ. ಅಷ್ಟೇ ದೂರದಲ್ಲಿ ನಿಲ್ಲಲು ಹೆಚ್ಚು ಒತ್ತಬೇಕು. ಗೇರಿನ ಹಿಡಿತವೂ ಸಡಿಲವಾಗುತ್ತದೆ.

ಹಾಕಿಸಲೇಬೇಕೆಂದರೆ, ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ಟಯರು ಸ್ಪ್ರಿಂಗಿಗೋ ಮಡ್‌ಗಾರ್ಡಿಗೋ ಉಜ್ಜುವುದೇ ನೋಡಿರಿ; ಹೇರು ತುಂಬಿದ ಮೇಲೆ ಮತ್ತೊಮ್ಮೆ ನೋಡಿರಿ. ನಾಲ್ಕೂ ಒಂದೇ ಅಳತೆಯವಿರಲಿ. ಇಲ್ಲವಾದರೆ ನಾಲ್ಕು ಚಕ್ರಗಳ ಎಳೆತ ಹಾಕಿದಾಗ ಮುಂದಿನ ಹಿಂದಿನ ಗೇರುಗಳು ಒಂದಕ್ಕೊಂದು ಸೆಣಸಿ ಸವೆಯುತ್ತವೆ. ಬ್ರೇಕು, ಮೀಟರುಗಳನ್ನು ಮೇಸ್ತ್ರಿಯಿಂದ ಸರಿಮಾಡಿಸಿರಿ. ಘಟ್ಟ ಇಳಿಯುವಾಗ ಮೊದಲೇ ಕೆಳಗಿನ ಗೇರು ಹಾಕಿರಿ, ಬ್ರೇಕನ್ನೇ ನಂಬಬೇಡಿರಿ.