ನಾಯಿ ಯಾರ ಪಾಲಿಗೆ?

ಆಸ್ತಿಯ ಮಾತಿಲ್ಲ, ಮಕ್ಕಳಿಲ್ಲ. ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ವಿಚ್ಛೇದನಕ್ಕೆ ಬಂದು ನಿಂತ ಸಿರಿವಂತ ದಂಪತಿ ಹಟ ಹಿಡಿದಿರುವುದು ಮಿಸ್ಟರ್ ಸ್ಮಿತ್ ಯಾರ ಜತೆ ಇರಬೇಕು ಎಂಬುದಕ್ಕೆ. ಮಿಸ್ಟರ್ ಸ್ಮಿತ್ ಎಂದರೆ ಗುಂಗುರು ಕೂದಲಿನ ಒಂದು ಫಾಕ್ಸ್ ಟೆರಿಯರ್ ನಾಯಿ. ಇಬ್ಬರೂ ಕರೆಯಿರಿ, ಅದು ಯಾರ ಹತ್ತಿರ ಹೋಗುತ್ತದೋ ಅವರಿಗೇ ಇರಲಿ ಎನ್ನುತ್ತಾರೆ ನ್ಯಾಯಾಧೀಶರು. ಗಂಡ ಕರೆಯುತ್ತಾನೆ, ಹೆಂಡತಿ ಕರೆಯುತ್ತಾಳೆ, ನಾಯಿ ಅತ್ತ ಇತ್ತ ನೋಡುತ್ತದೆ. ಹೆಂಡತಿ ತಾನು ಬಚ್ಚಿಟ್ಟುಕೊಂಡಿದ್ದ ಅದರ ಆಟಿಕೆಯನ್ನು ಯಾರಿಗೂ ಕಾಣದಂತೆ ಒಂದಿಷ್ಟು ತೋರಿಸುತ್ತಾಳೆ. ಕೇಸು ಖುಲಾಸ್. ಗಂಡನಿಗೆ ಉಳಿದದ್ದು ಆಗಾಗ ಬಂದು ನಾಯಿಯನ್ನು ನೋಡಿಕೊಂಡು ಹೋಗುವ ಹಕ್ಕಷ್ಟೇ.

1937ರ 'ದಿ ಆಫುಲ್ ಟ್ರುತ್' ಚಿತ್ರದ ಈ ದೃಶ್ಯ ನೋಡಿ ನಕ್ಕವರಿಗೆ ಲೆಕ್ಕವಿಲ್ಲ. ನಿರ್ದೇಶಕ ಲಿಯೋ ಮೆಕ್ಕೇರಿ; ಗಂಡ ಜೆರ್ರಿಯಾಗಿ ಕ್ಯಾರಿ ಗ್ರಾಂಟ್, ಹೆಂಡತಿ ಲೂಸಿಯಾಗಿ ಐರೀನ್ ಡನ್. ಫ್ಲೋರಿಡಾಕ್ಕೆ ಹೋಗಿದ್ದೆ ಎಂದು ಸುಳ್ಳು ಹೇಳಲು ಕ್ಲಬ್ಬಿನಲ್ಲಿ ದೀಪದ ಕೆಳಗೆ ಕೂತು ಮೈ ಕಪ್ಪಗೆ ಮಾಡಿಕೊಂಡ ಗಂಡ, ಮನೆಗೆ ಕಿತ್ತಳೆಯ ಬುಟ್ಟಿ ತರುತ್ತಾನೆ. ಹಣ್ಣಿನ ಮೇಲೆ ಕ್ಯಾಲಿಫೋರ್ನಿಯಾದ ಮುದ್ರೆ! ಅತ್ತ ಹೆಂಡತಿ, ಕಾರು ಕೆಟ್ಟು ರಾತ್ರಿಯಿಡೀ ಎಲ್ಲೋ ಉಳಿಯಬೇಕಾಯಿತೆಂದು, ಸಂಗೀತದ ಮೇಷ್ಟರ ಜತೆ ಬೆಳಗ್ಗೆ ಮನೆಗೆ ಬರುತ್ತಾಳೆ. ಅವಳು ಹೇಳಿದ್ದು ನಿಜ, ಅವನು ಹೇಳಿದ್ದು ಸುಳ್ಳು. ಆದರೆ ಅನುಮಾನ ಪಡುವವನು ಅವನೇ. ಮಾತಿಗೆ ಮಾತು ಬೆಳೆದು ವಿಚ್ಛೇದನವಾಗುತ್ತದೆ. ತೀರ್ಪು ಅಂತಿಮವಾಗಲು 90 ದಿನವಿದೆ. ಕಥೆಯೆಲ್ಲ ಆ 90 ದಿನಗಳದ್ದೇ.

ನಮ್ಮ ಮನೆಗಳಲ್ಲಿ ಗಂಡ ಹೆಂಡತಿ ಮಾತು ಬಿಟ್ಟರೆ ಕೆಲಸ ಬೀಳುವುದು ಮಕ್ಕಳಿಗೆ. "ನಿಮ್ಮಪ್ಪನಿಗೆ ಹೇಳು, ಗ್ಯಾಸ್ ಬುಕ್ ಮಾಡಬೇಕಂತೆ." "ನಿಮ್ಮಮ್ಮನಿಗೆ ಹೇಳು, ಗೊತ್ತಿದೆಯಂತೆ." ಮೂವರೂ ಒಂದೇ ಕೋಣೆಯಲ್ಲಿ ಕೂತಿರುತ್ತಾರೆ! ಮಕ್ಕಳು ಓದಿಗೆ, ಕೆಲಸಕ್ಕೆ ಊರು ಬಿಟ್ಟ ಮನೆಗಳಲ್ಲಿ ಈ ಅಂಚೆ ಕೆಲಸ ಸದ್ದಿಲ್ಲದೆ ನಾಯಿಗೆ ವರ್ಗವಾಗಿದೆ. "ನೋಡೋ ರಾಜ, ನಿಮ್ಮಪ್ಪ ಇವತ್ತೂ ಲೇಟು" ಎಂದು ಅದರ ತಲೆ ಸವರುತ್ತ ಹೇಳಿದರೆ, ಕೇಳಬೇಕಾದವರಿಗೆ ಕೇಳಿಸಿರುತ್ತದೆ. ದಾಂಪತ್ಯದ ಹಾಸ್ಯಚಿತ್ರಕ್ಕೆ ನಾಯಿ ಇಷ್ಟು ಒದಗಿ ಬರುವುದು ಅದು ಮುದ್ದಾಗಿದೆ ಎಂದಲ್ಲ. ಅದು ಮಾತು ತಲುಪಿಸುತ್ತದೆ, ಆದರೆ ಯಾರ ಗುಟ್ಟನ್ನೂ ಕಾಯುವುದಿಲ್ಲ.

ಟೋಪಿಯ ದೃಶ್ಯವನ್ನೇ ನೋಡಿ. ತಾನು ನಿರ್ದೋಷಿ ಎಂದು ಜೆರ್ರಿಗೆ ಹೇಳಿಸಲು ಲೂಸಿ ಆ ಸಂಗೀತದ ಮೇಷ್ಟರನ್ನೇ ಮನೆಗೆ ಕರೆಸಿದ್ದಾಳೆ. ಅಷ್ಟರಲ್ಲಿ ಜೆರ್ರಿ ಬಾಗಿಲು ತಟ್ಟುತ್ತಾನೆ. ಮೇಷ್ಟರು ಮಲಗುವ ಕೋಣೆಗೆ ಓಡುತ್ತಾರೆ, ಟೋಪಿ ಹೊರಗೇ ಉಳಿಯುತ್ತದೆ. ಲೂಸಿ ಅದನ್ನು ಅಡಗಿಸುತ್ತಾಳೆ. ಬಚ್ಚಿಟ್ಟದ್ದನ್ನು ಹುಡುಕಿ ತರುವುದು ಮಿಸ್ಟರ್ ಸ್ಮಿತ್‌ನ ಮೆಚ್ಚಿನ ಆಟ, ಕಲಿಸಿದ್ದೂ ಇವರೇ. ಬಾಯಲ್ಲಿ ಟೋಪಿ ಕಚ್ಚಿಕೊಂಡು, ಬಾಲ ಅಲ್ಲಾಡಿಸುತ್ತ ಹಾಜರು. ಅವಳು ಮತ್ತೆ ಅಡಗಿಸುತ್ತಾಳೆ, ಅದು ಮತ್ತೆ ತರುತ್ತದೆ. ಲೂಸಿಯ ಬಾಯಿ ಜೆರ್ರಿಯ ಜತೆ ಮಾತಾಡುತ್ತಿದ್ದರೆ, ಕಣ್ಣು ನಾಯಿಯ ಹಿಂದೆಯೇ ಸುತ್ತುತ್ತದೆ. ಕಡೆಗೆ ಹೊರಡಲೆದ್ದ ಜೆರ್ರಿ ತನ್ನದೆಂದು ತಿಳಿದು ಆ ಟೋಪಿಯನ್ನೇ ತಲೆಗಿಟ್ಟರೆ ಅದು ಕಿವಿಯವರೆಗೆ ಇಳಿಯುತ್ತದೆ. ನನ್ನ ತಲೆ ಸಣ್ಣದಾಯಿತೇ ಎಂಬಂತೆ ಕನ್ನಡಿ ನೋಡಿಕೊಳ್ಳುವ ಗ್ರಾಂಟನ ಆ ಮುಖ ನೋಡಲಿಕ್ಕೆಂದೇ ನಾನು ಈ ಚಿತ್ರಕ್ಕೆ ಮರಳುವುದುಂಟು.

ನಡುವೆ ಬರುವ ಡ್ಯಾನ್ ಲೀಸನ್ ಕೆಟ್ಟವನಲ್ಲ. ಒಕ್ಲಹೋಮಾದ ಎಣ್ಣೆ ಬಾವಿಗಳ ಒಡೆಯ, ತಾಯಿಯ ಮಾತು ಮೀರದವನು, ಲೂಸಿಯನ್ನು ಪ್ರಾಮಾಣಿಕವಾಗಿ ಮೆಚ್ಚಿದವನು. ರಾಲ್ಫ್ ಬೆಲಾಮಿ ಅವನನ್ನು ಎಲ್ಲೂ ಗೇಲಿ ಮಾಡದೆ ಅಭಿನಯಿಸಿದ್ದಾರೆ. ಅವನು ತಾನೇ ಬರೆದ ಪ್ರೇಮಪದ್ಯವನ್ನು ಬಾಗಿಲಲ್ಲಿ ನಿಂತು ಓದುವಾಗ, ಮರೆಯಲ್ಲಿದ್ದ ಜೆರ್ರಿ ಪೆನ್ಸಿಲಿನಿಂದ ಲೂಸಿಗೆ ಕಚಗುಳಿ ಇಡುತ್ತಾನೆ. ಅವಳು ಕಿಸಕ್ಕನೆ ನಗುತ್ತಾಳೆ. ಡ್ಯಾನ್ ಸೋತದ್ದು ಅಲ್ಲಿ. ಅವನೊಂದಿಗೆ ಅವಳು ಸುಖವಾಗಿರಬಲ್ಲಳು, ಆದರೆ ಜತೆಯಾಗಿ ನಗಲಾರಳು.

ಇದಕ್ಕೆ ಉತ್ತರದಂಥ ಇನ್ನೊಂದು ದೃಶ್ಯವಿದೆ. ಹೆಂಡತಿಯನ್ನು ಮೇಷ್ಟರ ಮನೆಯಲ್ಲಿ ಕೈಯಾರೆ ಹಿಡಿಯುತ್ತೇನೆಂದು ಜೆರ್ರಿ ನುಗ್ಗುತ್ತಾನೆ. ಒಳಗೆ ತುಂಬಿದ ಸಭೆ, ಲೂಸಿ ನಿಜಕ್ಕೂ ಹಾಡುತ್ತಿದ್ದಾಳೆ. ಮುಖ ಎಲ್ಲಿಡುವುದೆಂದು ತಿಳಿಯದೆ ಮೂಲೆಯ ಕುರ್ಚಿಯಲ್ಲಿ ಕೂತವನು ಕುರ್ಚಿ ಸಮೇತ ಉರುಳುತ್ತಾನೆ. ಲೂಸಿ ಹಾಡು ನಿಲ್ಲಿಸುವುದಿಲ್ಲ, ಸಿಟ್ಟೂ ಆಗುವುದಿಲ್ಲ. ಕೊನೆಯ ಸ್ವರದೊಳಗೇ ಒಂದು ಪುಟ್ಟ ನಗು ಸೇರಿಸಿ ಹಾಡು ಮುಗಿಸುತ್ತಾಳೆ. ಗಂಡ ಹೋಗಿದ್ದಾನೆ, ಗೆಳೆಯ ಹೋಗಿಲ್ಲ ಎಂಬುದು ಅವಳಿಗೇ ಗೊತ್ತಾಗುವುದು ಆ ಕ್ಷಣದಲ್ಲಿ. ತತ್ತ್ವಶಾಸ್ತ್ರಜ್ಞ ಸ್ಟಾನ್ಲಿ ಕ್ಯಾವೆಲ್ 1981ರ ಪುಸ್ತಕವೊಂದರಲ್ಲಿ ಏಳು ಹಾಲಿವುಡ್ ಚಿತ್ರಗಳನ್ನು 'ಮರುಮದುವೆಯ ಹಾಸ್ಯಚಿತ್ರ'ಗಳೆಂದು ಗುಂಪು ಮಾಡಿದರು. ಅವುಗಳಲ್ಲಿ ಇದೂ ಒಂದು.

ಇಷ್ಟು ಸಲೀಸಾಗಿ ಕಾಣುವ ಚಿತ್ರದ ತಯಾರಿ ಸಲೀಸಾಗಿರಲಿಲ್ಲ. ಲಾರೆಲ್–ಹಾರ್ಡಿ ಜೋಡಿಯ ಮೂಕಿ ಹಾಸ್ಯದಲ್ಲಿ ಪಳಗಿದ್ದ ಮೆಕ್ಕೇರಿಗೆ ಬರೆದಿಟ್ಟ ಚಿತ್ರಕಥೆ ಹಿಡಿದು ಕೂರುವ ಜಾಯಮಾನವಿಲ್ಲ. ಸೆಟ್ಟಿನಲ್ಲಿ ಪಿಯಾನೋ ನುಡಿಸುತ್ತ ಯೋಚಿಸಿ, ಹೊಳೆದದ್ದನ್ನು ಅಲ್ಲಿಯೇ ಮಾಡಿಸುವ ಮನುಷ್ಯ. ಗಾಬರಿಯಾದ ಗ್ರಾಂಟ್ ತನ್ನನ್ನು ಬಿಟ್ಟುಬಿಡಿ ಎಂದು ಸ್ಟುಡಿಯೋದ ಯಜಮಾನರಿಗೆ ದುಂಬಾಲು ಬಿದ್ದ. ಬಿಡಲಿಲ್ಲ. ನಾವು ಇಂದು ಯಾರನ್ನು ಕ್ಯಾರಿ ಗ್ರಾಂಟ್ ಎನ್ನುತ್ತೇವೋ ಆತ ಬಹುಮಟ್ಟಿಗೆ ಹುಟ್ಟಿದ್ದೇ ಈ ಚಿತ್ರದಲ್ಲಿ. ಮೆಕ್ಕೇರಿಗೆ ಆಸ್ಕರ್ ಬಂತು. ಅದೇ ವರ್ಷ ಅವರು 'ಮೇಕ್ ವೇ ಫಾರ್ ಟುಮಾರೋ' ಎಂಬ, ವೃದ್ಧ ದಂಪತಿಯ ಕರುಳು ಹಿಂಡುವ ಚಿತ್ರವನ್ನೂ ಮಾಡಿದ್ದರು. ಬಹುಮಾನ ಅದಕ್ಕೆ ಬರಬೇಕಿತ್ತೆಂದು ವೇದಿಕೆಯಲ್ಲೇ ಹೇಳಿದರಂತೆ.

ಇನ್ನೊಂದು ಕಾರಣಕ್ಕೂ ಆ ಕಾಲಕ್ಕೆ ನಾಯಿ ಬೇಕಿತ್ತು. 1934ರಿಂದ ಹಾಲಿವುಡ್‌ನಲ್ಲಿ ನೀತಿಸಂಹಿತೆ ಬಿಗಿಯಾಯಿತು. ಹಾಸಿಗೆ, ಹಾದರ ಎಲ್ಲಕ್ಕೂ ಕತ್ತರಿ. ಮನುಷ್ಯರು ಹೇಳಕೂಡದ್ದನ್ನು ನಾಯಿಯ ಬಾಯಲ್ಲಿ ಒಂದು ಟೋಪಿ ಇಟ್ಟು ಹೇಳಿದರೆ ಯಾವ ಸೆನ್ಸಾರ್ ಏನು ಮಾಡೀತು?

ನಮ್ಮ ಸಿನಿಮಾದಲ್ಲೂ ಈ ನಾಲ್ಕು ಕಾಲಿನ ಅಂಚೆಯವರಿದ್ದಾರೆ. 1994ರ 'ಹಮ್ ಆಪ್ಕೆ ಹೈ ಕೌನ್' ಚಿತ್ರದ ಟಫಿ, ತಮ್ಮನಿಗೆ ಕೊಟ್ಟ ಪತ್ರವನ್ನು ಅಣ್ಣನಿಗೆ ತಲುಪಿಸಿ ಮದುವೆಯನ್ನೇ ಸರಿಪಡಿಸಿತು. ಜೋಯಾ ಅಖ್ತರ್ ಅವರ 'ದಿಲ್ ಧಡಕ್‌ನೇ ದೋ' (2015) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮದುವೆಯ 30ನೇ ವರ್ಷವನ್ನು ಹಡಗಿನಲ್ಲಿ ಆಚರಿಸಲು ಹೊರಟ ಮೆಹ್ರಾ ದಂಪತಿಗೆ ಪರಸ್ಪರ ಹೇಳಲು ಏನೂ ಉಳಿದಿಲ್ಲ. ಇಡೀ ಕಥೆ ಹೇಳುವುದು ಮನೆಯ ನಾಯಿ ಪ್ಲೂಟೋ, ಆಮಿರ್ ಖಾನ್ ದನಿಯಲ್ಲಿ. ಪ್ಲೂಟೋ ಕೆಲವೊಮ್ಮೆ ಅತಿಯಾಗಿ ಉಪದೇಶ ಮಾಡುತ್ತದೆ ಎನ್ನುವುದು ನನ್ನ ದೂರು. ಗಂಡನ ಚೆಲ್ಲಾಟ ಕಂಡು ಬಂದು ಒಬ್ಬಳೇ ಕೇಕನ್ನು ಬಾಯಿಗೆ ತುರುಕಿಕೊಳ್ಳುವ ಶೆಫಾಲಿ ಶಾ ಎದುರು ಯಾವ ವ್ಯಾಖ್ಯಾನವೂ ಬೇಕಿಲ್ಲ. ಕನ್ನಡದ 'ನಾನು ಮತ್ತು ಗುಂಡ' (2020) ಚಿತ್ರದಲ್ಲಿ ಶಿವರಾಜ್ ಕೆ.ಆರ್. ಪೇಟೆ ಆಟೋ ಚಾಲಕ. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ನಾಯಿ, ನಡುವೆ ಅವನು. ಅಲ್ಲಿ ನಗುವಿಗಿಂತ ಕಣ್ಣೀರು ಹೆಚ್ಚು. ಗಂಡ ಹೆಂಡಿರ ಜಗಳವನ್ನು ಕೊನೆಯವರೆಗೂ ನಗುತ್ತಲೇ ನಡೆಸುವ ಧೈರ್ಯ ನಾಯಿಯ ಚಿತ್ರಗಳಲ್ಲಿ ನಮ್ಮವರಿಗೆ ಇನ್ನೂ ಬರಬೇಕು.

ಕಾನೂನು ಮಾತ್ರ ನಿಧಾನವಾಗಿ ಆ ಹಳೆಯ ನ್ಯಾಯಾಲಯದತ್ತ ಬರುತ್ತಿದೆ. ವಿಚ್ಛೇದನದಲ್ಲಿ ಸಾಕುಪ್ರಾಣಿಯ ಹಿತ ಯಾವುದೆಂದು ನೋಡಬೇಕು ಎಂದು ನ್ಯೂಯಾರ್ಕ್ ರಾಜ್ಯ 2021ರಲ್ಲಿ ಕಾನೂನು ಮಾಡಿತು, ಚಿತ್ರ ಬಂದು 84 ವರ್ಷದ ಮೇಲೆ. ನಮ್ಮಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನಿಲ್ಲ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಆರು ತಿಂಗಳು ಕಾಯಿಸುತ್ತದೆ. ಸಂದರ್ಭ ನೋಡಿ ಅದನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಮನ್ನಾ ಮಾಡದಿದ್ದರೆ ಚಿತ್ರಕಥೆ ಬರೆಯುವವರಿಗೆ ಜೆರ್ರಿ–ಲೂಸಿಗಿಂತ ಮೂರು ತಿಂಗಳು ಹೆಚ್ಚೇ ಸಿಗುತ್ತದೆ.

90ನೇ ದಿನದ ರಾತ್ರಿ ಜೆರ್ರಿ, ಲೂಸಿ ಊರಾಚೆಯ ಮನೆಯೊಂದರಲ್ಲಿ ಅಕ್ಕಪಕ್ಕದ ಕೋಣೆಗಳಲ್ಲಿದ್ದಾರೆ. ನಡುವಿನ ಬಾಗಿಲು ಗಾಳಿಗೆ ತೆರೆದುಕೊಳ್ಳುತ್ತಲೇ ಇರುತ್ತದೆ. ಮಧ್ಯರಾತ್ರಿಗೆ ವಿಚ್ಛೇದನ ಪಕ್ಕಾ. ಈ ಅಂಕದಲ್ಲಿ ಮಿಸ್ಟರ್ ಸ್ಮಿತ್‌ಗೆ ಪಾತ್ರವೇ ಇಲ್ಲ. ಬಾಗಿಲಿಗೆ ಅಡ್ಡ ಕೂರಲು ಒಂದು ಬೆಕ್ಕಿದೆ ಅಷ್ಟೇ. ಮೆಕ್ಕೇರಿಯ ಜಾಣತನ ಇದು: ಅಂಚೆಯವನಿಗೆ ರಜೆ ಕೊಟ್ಟ ಮೇಲೆ ಇಬ್ಬರೂ ನೇರವಾಗಿ ಮಾತಾಡದೆ ವಿಧಿಯಿಲ್ಲ. ಮಾತಾಡುತ್ತಾರೆ, ತೊದಲುತ್ತ, ಸುತ್ತಿ ಬಳಸಿ.

ನಾಯಿಗೆ ಮಾತ್ರ ಬಿಡುವಿರಲಿಲ್ಲ. ಅದರ ನಿಜವಾದ ಹೆಸರು ಸ್ಕಿಪ್ಪಿ. 1934ರ 'ದಿ ಥಿನ್ ಮ್ಯಾನ್' ಚಿತ್ರದ ಆಸ್ಟಾ ಆಗಿ ಆಗಲೇ ಮನೆಮಾತಾಗಿತ್ತು. 1938ರಲ್ಲಿ 'ಬ್ರಿಂಗಿಂಗ್ ಅಪ್ ಬೇಬಿ' ಚಿತ್ರದಲ್ಲಿ ಮತ್ತೆ ಅದೇ ಗ್ರಾಂಟ್ ಜತೆ ಬಂತು. ಈ ಸಲ ಆತನ ವಸ್ತುಸಂಗ್ರಹಾಲಯದ ಡೈನೋಸಾರ್ ಮೂಳೆಯನ್ನು ಕದ್ದು, ತೋಟದಲ್ಲೆಲ್ಲೋ ಹೂತು, ಏನೂ ಗೊತ್ತಿಲ್ಲದವರಂತೆ ಕೂತಿತು.