ಸೇರಿಸಿದವರೆಲ್ಲ ಸೇರಿದವರಲ್ಲ

ಸಂಸ್ಥೆಯ ಹೆಸರಿನಲ್ಲೊಂದು ವಾಟ್ಸ್‌ಆ್ಯಪ್ ಗುಂಪು ಮಾಡುವುದು, ಕಚೇರಿಯ ರಿಜಿಸ್ಟರಿನಲ್ಲಿದ್ದ ನಂಬರುಗಳನ್ನೆಲ್ಲ ಒಂದೇ ಮಧ್ಯಾಹ್ನ ಅದಕ್ಕೆ ಸುರಿಯುವುದು, ಸಂಜೆಗೆಲ್ಲ ‘ನಮ್ಮದೀಗ ಸಾವಿರ ಜನರ ಆನ್‌ಲೈನ್ ಸಮುದಾಯ’ ಎಂದು ಹೇಳಿಕೊಳ್ಳುವುದು: ಇದು ಎಷ್ಟು ಮಾಮೂಲಾಗಿದೆಯೆಂದರೆ, ಆ ಸಾವಿರ ಜನರನ್ನು ಯಾರಾದರೂ ಕೇಳಿದ್ದರೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಗುಂಪಿನ ಮಿತಿ 2022ರಲ್ಲಿ 256ರಿಂದ 512ಕ್ಕೆ, ಅದೇ ವರ್ಷ 1,024ಕ್ಕೆ ಏರಿತು. ಅಲ್ಲಿಂದ ‘ಗ್ರೂಪ್ ಫುಲ್ ಆಯ್ತು, ಎರಡನೆಯದು ಮಾಡಿದ್ದೇವೆ’ ಎನ್ನುವುದು ಹೆಮ್ಮೆಯ ಮಾತಾಗಿದೆ. ಭರ್ತಿಯಾದ ಬಸ್ಸು ಎಷ್ಟರ ಮಟ್ಟಿಗೆ ಸಮುದಾಯವೋ ಇದೂ ಅಷ್ಟೇ. ಆನ್‌ಲೈನ್ ಸಮುದಾಯಗಳ ಬಗ್ಗೆ ಓಡಾಡುವ ತಪ್ಪು ಕಲ್ಪನೆಗಳಿಗೆಲ್ಲ ತಾಯಿಬೇರು ಇದೇ: ತಲೆ ಎಣಿಸಿದರೆ ಸಮುದಾಯವನ್ನು ಎಣಿಸಿದಂತೆ ಎಂಬ ನಂಬಿಕೆ.

ತಲೆಯೆಣಿಕೆ ಸಾಕಾಗುತ್ತಿದ್ದರೆ ಗೂಗಲ್ ಪ್ಲಸ್ ಇವತ್ತಿಗೂ ಬದುಕಿರಬೇಕಿತ್ತು. 2011ರಲ್ಲಿ ಶುರುವಾದ ಆ ಸಾಮಾಜಿಕ ಜಾಲತಾಣಕ್ಕೆ ಜನರನ್ನು ಹುಡುಕುವ ಕಷ್ಟವೇ ಇರಲಿಲ್ಲ. ಜಿಮೇಲ್ ಖಾತೆ ತೆರೆಯಹೋದವರಿಗೆ, ಯೂಟ್ಯೂಬಿನಲ್ಲಿ ಒಂದು ಕಾಮೆಂಟ್ ಬರೆಯಹೋದವರಿಗೆ ಪ್ಲಸ್ ಖಾತೆ ಬೆನ್ನಿಗೆ ಅಂಟಿಕೊಂಡೇ ಬರುತ್ತಿದ್ದ ಕಾಲವಿತ್ತು. 2013ರ ಅಕ್ಟೋಬರಿನಲ್ಲಿ ತಿಂಗಳಿಗೆ 54 ಕೋಟಿ ಸಕ್ರಿಯ ಬಳಕೆದಾರರಿದ್ದಾರೆ ಎಂದು ಕಂಪನಿ ಹೇಳಿಕೊಂಡಿತು. ಐದು ವರ್ಷ ಕಳೆದು, ಅಂಗಡಿ ಮುಚ್ಚುವ ಸುದ್ದಿ ಕೊಡುವಾಗ ಅದೇ ಕಂಪನಿ ಬಾಯಿಬಿಟ್ಟ ಲೆಕ್ಕ ಬೇರೆ: ಭೇಟಿಗಳಲ್ಲಿ ಶೇ. 90ರಷ್ಟು ಐದು ಸೆಕೆಂಡೂ ಬಾಳುತ್ತಿರಲಿಲ್ಲ. ಅಂದರೆ ಕದ ತಳ್ಳಿ, ಮನೆ ತಪ್ಪಿತೆಂದು ಗೊತ್ತಾಗಿ, ಹೊರಟುಹೋದವರು. 2019ರ ಏಪ್ರಿಲ್ 2ರಂದು ಜನಸಾಮಾನ್ಯರ ಗೂಗಲ್ ಪ್ಲಸ್ ಮುಚ್ಚಿತು. ಅಷ್ಟು ಹಣ, ಅಷ್ಟು ಬುದ್ಧಿ ಕೈಯಲ್ಲಿದ್ದವರಿಗೇ ಒಲಿಯದ್ದು ಒಂದು ರಿಜಿಸ್ಟರಿನ ನಾಲ್ಕು ಪುಟಕ್ಕೆ ಒಲಿಯುತ್ತದೆಂದು ನಂಬಲು ಬಹಳ ಧೈರ್ಯ ಬೇಕು.

ಇದಕ್ಕೆ ಓದಿಕೊಂಡವರ ಒಂದು ಆಕ್ಷೇಪವಿದೆ. ಆನ್‌ಲೈನ್ ಗುಂಪುಗಳಲ್ಲಿ ನೂರಕ್ಕೆ 90 ಮಂದಿ ಸುಮ್ಮನೆ ಓದುತ್ತಾರೆ, 9 ಮಂದಿ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ, ಒಬ್ಬರು ಮಾತ್ರ ನಿಜಕ್ಕೂ ದುಡಿಯುತ್ತಾರೆ ಎಂದು ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲೇ ಬರೆದರಲ್ಲ; ಹಾಗಾದರೆ ದುಡಿಯುವ ಹತ್ತು ಜನ ಬೇಕೆಂದರೆ ಸಾವಿರ ಜನರನ್ನು ಸೇರಿಸಲೇಬೇಕಲ್ಲ? ಕೇಳುವುದಕ್ಕೆ ಸರಿಯಾಗಿದೆ. ಆದರೆ ಅದು ಆದ ಮೇಲೆ ಕಂಡ ಲೆಕ್ಕ, ಆಗಿಸುವ ಸೂತ್ರವಲ್ಲ. ಇಷ್ಟು ಹಾಲಿಗೆ ಇಷ್ಟು ಬೆಣ್ಣೆ ಎಂಬ ಲೆಕ್ಕ ಗೊತ್ತಿದ್ದವರು, ಹೆಪ್ಪು ಹಾಕದೆ, ಕಡೆಯದೆ, ಹಾಲನ್ನಷ್ಟೇ ತಂದು ಸುರಿಯುತ್ತಿದ್ದರೆ ಬೆಣ್ಣೆ ಬಂದೀತೇ? ಇಂಗ್ಲಿಷ್ ವಿಕಿಪೀಡಿಯದಲ್ಲಿ 4 ಕೋಟಿಗೂ ಹೆಚ್ಚು ಖಾತೆಗಳಿವೆ. ತಿಂಗಳಲ್ಲಿ ಒಂದು ಅಕ್ಷರವನ್ನಾದರೂ ತಿದ್ದುವವರು ಒಂದು ಲಕ್ಷದ ಆಸುಪಾಸು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ 30 ಸಾವಿರಕ್ಕೂ ಮಿಕ್ಕಿ ಲೇಖನಗಳಿವೆ. ತಿಂಗಳಲ್ಲಿ ಕೈ ಹಾಕುವವರು ಸಾವಿರದ ಲೆಕ್ಕದಲ್ಲಿಲ್ಲ, ನೂರರ ಲೆಕ್ಕದಲ್ಲಿದ್ದಾರೆ. ಈ ಕೆಲವರು ಖಾತೆಗಳ ರಾಶಿಯಿಂದ ತಾವಾಗಿ ಉದುರಿದವರಲ್ಲ. ಸಂಪಾದನೋತ್ಸವಗಳಲ್ಲಿ ಪಕ್ಕ ಕೂತು ಹೇಳಿಕೊಟ್ಟವರಿದ್ದರು; ಹೊಸಬರ ಮೊದಲ ಲೇಖನ ಕೆಟ್ಟದ್ದಾಗಿದ್ದಾಗ ಹೀಗಲ್ಲ, ಹೀಗೆ ಎಂದು ತಿದ್ದಿ ತೋರಿಸಿದವರಿದ್ದರು. ಅಲ್ಲಿನ ಚರ್ಚೆಯ ಪುಟಕ್ಕೆ ‘ಅರಳಿ ಕಟ್ಟೆ’ ಎಂದೇ ಹೆಸರು. ಡಿಜಿಟಲ್ ಅರಳಿಕಟ್ಟೆ ಎಂಬ ಮಾತನ್ನು ಈಗ ಭಾಷಣಕ್ಕೊಂದರಂತೆ ಕೇಳುತ್ತೇವೆ. ಕಟ್ಟೆಯನ್ನು ಗುಡಿಸುವವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ಕಟ್ಟಿದವರಿಗೆ, ಜನ ಬರುವ ಮೊದಲು ಕಟ್ಟೆ ಸಜ್ಜಾಗಿರಬೇಕೆಂಬುದು ತಿಳಿದಿತ್ತು. 2008ರಲ್ಲಿ ಎಲ್ಲರಿಗೂ ಬಾಗಿಲು ತೆರೆಯುವ ಮೊದಲು ಆಹ್ವಾನಿತರನ್ನಷ್ಟೇ ಕರೆದು ಕೆಲವು ವಾರ ನಡೆಸಿದರು. ಹೊರಗಿನವರು ಬರುವ ಹೊತ್ತಿಗೆ ಒಳಗೆ ಪ್ರಶ್ನೆಯೂ ಇತ್ತು, ಉತ್ತರವೂ ಇತ್ತು.

ಸುರಿದು ತುಂಬಿಸಿದ ಗುಂಪಿನೊಳಗೆ ಏನು ನಡೆಯುತ್ತದೆಂದು ಹತ್ತಿರದಿಂದ ನೋಡಿ. ಮಲೆನಾಡಿನ ಬೆಳೆಗಾರರ ಸಂಘದ್ದು ಎಂದಿಟ್ಟುಕೊಳ್ಳೋಣ. ಜುಲೈ ತಿಂಗಳ ಒಂದು ಬೆಳಿಗ್ಗೆ ಸದಸ್ಯರೊಬ್ಬರು ಮರದ ಬುಡದಲ್ಲಿ ಉದುರಿದ ಎಳೆ ಅಡಿಕೆಯ ಫೋಟೊ ಹಾಕಿ, ‘ಬೋರ್ಡೊ ಹೊಡೆದು ಇಪ್ಪತ್ತು ದಿನವಾಯಿತು, ಮಳೆ ಬಿಡುತ್ತಿಲ್ಲ, ಮತ್ತೆ ಹೊಡೆಯಬಹುದೇ’ ಎಂದು ಕೇಳುತ್ತಾರೆ. ಅದರ ಕೆಳಗೆ ಗುಲಾಬಿ ಹೂವಿನ ಶುಭೋದಯ. ಅದರ ಕೆಳಗೆ ಕಾಫಿ ಲೋಟದ ಶುಭೋದಯ. ಆಮೇಲೆ ಯಾರದೋ ನಿಧನದ ಸುದ್ದಿ, ಅದಕ್ಕೆ ನಲವತ್ತು ‘ಓಂ ಶಾಂತಿ’. ಮಧ್ಯಾಹ್ನ ಕಚೇರಿಯಿಂದ ವಾರ್ಷಿಕ ಸಭೆಯ ಪಿಡಿಎಫ್. ಉತ್ತರ ಬಲ್ಲವರು ಗುಂಪಿನಲ್ಲಿ ಹತ್ತು ಜನರಾದರೂ ಇದ್ದಾರೆ. ಅವರೆಲ್ಲ ಗುಂಪನ್ನು ಮ್ಯೂಟ್ ಮಾಡಿ ಎಷ್ಟೋ ತಿಂಗಳಾಯಿತು. ಪ್ರಶ್ನೆ ಕೇಳಿದವರು ಗುಂಪು ಬಿಡುವುದಿಲ್ಲ, ಬಿಟ್ಟರೆ ಅಡ್ಮಿನ್‌ಗಳಿಗೆ ಗೊತ್ತಾಗುತ್ತದೆ, ಸಂಘದವರು ಬೇಜಾರು ಮಾಡಿಕೊಂಡಾರು. ಮತ್ತೆ ಕೇಳುವುದಿಲ್ಲ, ಅಷ್ಟೆ. ಸಂಘದ ವರದಿಯಲ್ಲಿ ಅವರೂ ಸದಸ್ಯರೇ. ಸಭೆಯ ನೋಟಿಸಾದರೂ ಸಾವಿರ ಜನಕ್ಕೆ ತಲುಪಿತಲ್ಲ ಎನ್ನಬಹುದು. ತಲುಪಲಿ, ಒಳ್ಳೆಯದೇ. ಹಾಗಾದರೆ ಅದನ್ನು ನೋಟಿಸ್ ಬೋರ್ಡ್ ಎಂದು ಕರೆಯಿರಿ, ಅಡ್ಮಿನ್ ಮಾತ್ರ ಬರೆಯುವಂತೆ ಬೀಗ ಹಾಕಿ. ಮಾತಾಡಲು ಬರುವವರಿಗೆ ಬೇರೆ ಸಣ್ಣ ಜಾಗ ಕೊಡಿ. ನೋಟಿಸ್ ಬೋರ್ಡ್ ಕೀಳಲ್ಲ, ಅದಕ್ಕೆ ಸಮುದಾಯದ ಪೇಟ ಸುತ್ತುವುದು ತಪ್ಪು.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಸದಸ್ಯರು ಏನೇ ಹಾಕಿದರೂ ಅಡ್ಮಿನ್ ಜೈಲಿಗೆ ಎಂಬುದು ಸುಳ್ಳು. ಅಡ್ಮಿನ್ ಆಗಿರುವ ಕಾರಣಕ್ಕಷ್ಟೇ ಬೇರೆಯವರ ಪೋಸ್ಟಿಗೆ ಹೊಣೆಯಾಗುವುದಿಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ನಿಯಮ ಹಾಕಿದರೆ ಜನ ಓಡಿಹೋಗುತ್ತಾರೆ ಎಂಬುದು ತಲೆಕೆಳಗಾದ ಮಾತು, ಓಡಿಸುವುದು ನಿಯಮವಿಲ್ಲದ ಶುಭೋದಯಗಳು. ದೂರು ಅಳಿಸಿದರೆ ದೂರು ಹೋಗುವುದಿಲ್ಲ, ನೀವಿಲ್ಲದ ಇನ್ನೊಂದು ಗುಂಪಿಗೆ ಹೋಗುತ್ತದೆ. ಆ್ಯಪ್ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಆ್ಯಪ್ ಮಾರುವವರೇ ಉತ್ತರ ಹೇಳಲಿ. ಕಚೇರಿಗೆ ಹೊಸದಾಗಿ ಸೇರಿದ ಹುಡುಗ ಬಿಡುವಿದ್ದಾಗ ಗುಂಪು ನೋಡಿಕೊಳ್ಳುತ್ತಾನೆ ಎಂಬುದಂತೂ ನಂಬಿಕೆಯಲ್ಲ, ಸೋಮಾರಿತನ.

ಇಷ್ಟಾದರೂ ಸಂಖ್ಯೆಯ ಮೇಲಿನ ಭಕ್ತಿ ಕರಗುವುದಿಲ್ಲ, ಏಕೆಂದರೆ ಸಂಖ್ಯೆಗೆ ಅನುಕೂಲವೊಂದಿದೆ: ಅದು ವರದಿಯ ಒಂದು ಸಾಲಿನಲ್ಲಿ ಹಿಡಿಸುತ್ತದೆ. ಕುರ್ಚಿ ತುಂಬಿದರೆ ಸಭೆ ಯಶಸ್ವಿ, ಹಾರ ದೊಡ್ಡದಾದರೆ ಸನ್ಮಾನ ದೊಡ್ಡದು ಎಂದು ನಂಬುವ ನಮಗೆ ಇದು ಹೊಸ ಚಾಳಿಯೂ ಅಲ್ಲ. ದುಡ್ಡು ಕೊಟ್ಟರೆ ಹಿಂಬಾಲಕರನ್ನು ಸಾವಿರದ ಲೆಕ್ಕದಲ್ಲಿ ಮಾರುವವರು ಸಿಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತು; ಗೊತ್ತಿದ್ದೂ ಹಿಂಬಾಲಕರ ಸಂಖ್ಯೆ ನೋಡಿಯೇ ಕೈಮುಗಿಯುತ್ತೇವೆ. ನಿಮ್ಮ ಸಂಸ್ಥೆಯ ಗುಂಪನ್ನು ಒಮ್ಮೆ ತೆರೆದು ಹಿಂದಿನ ಮೂವತ್ತು ದಿನ ಎಣಿಸಿ ನೋಡಿ: ಎಷ್ಟು ಪ್ರಶ್ನೆ ಬಂದವು, ಎಷ್ಟಕ್ಕೆ ಕಚೇರಿಯವರಲ್ಲದ ಸದಸ್ಯರೇ ಉತ್ತರ ಕೊಟ್ಟರು, ಮೊದಲ ಸಲ ಬರೆದವರಲ್ಲಿ ಎಷ್ಟು ಜನ ಎರಡನೆಯ ಸಲ ಬರೆದರು. ಏಳು ಬರಲಿ, ಹದಿನೇಳು ಬರಲಿ, ಈ ಸಲದ ವಾರ್ಷಿಕ ವರದಿಯಲ್ಲಿ ಆ ಅಂಕಿಗಳನ್ನೇ ಬರೆಯಿರಿ.