ಮಗುವಿನ ಕಿವಿ ಮತ್ತು 85 ಡೆಸಿಬೆಲ್: ಒಂದು ಅಂಕೆಯ ಚರಿತ್ರೆ

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಕಿವಿಯ ಆರೋಗ್ಯದ ಪ್ರಸ್ತಾಪವೇಕೆಂದು ಓದುಗರು ಕೇಳಬಹುದು. ಕಾರಣವನ್ನು ಮೊದಲೇ ನಿವೇದಿಸುತ್ತೇವೆ. ಕಳೆದ ವರ್ಷ ಒಂದು ರಥೋತ್ಸವಕ್ಕೆ ನಮ್ಮ ನಾಲ್ಕು ವರ್ಷದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದೆವು. ತೇರು ಹೊರಟ ಗಳಿಗೆಯಲ್ಲಿ ಸಮೀಪದಲ್ಲಿಯೇ ಗರ್ನಾಲುಗಳು ಸಿಡಿದುವು. ಮಗು ಕಿವಿ ಮುಚ್ಚಿಕೊಂಡು ಅತ್ತಿತು. ರಾತ್ರಿ, ಕಿವಿಯೊಳಗೆ ಜೀರುಂಡೆ ಕೂಗುತ್ತಿದೆಯೆಂದಿತು. ಮರುದಿನ ಆ ಸದ್ದು ಅಡಗಿತಾದರೂ ನಮ್ಮ ಕಳವಳ ಅಡಗಲಿಲ್ಲ. ಬೆನ್ನ ಹಿಂದೆ ನಿಂತು ಮೆಲ್ಲನೆ ಹೆಸರು ಹಿಡಿದು ಕರೆದು ನೋಡುವುದು ಹಲವು ದಿನ ಮನೆಯ ಪರಿಪಾಠವಾಯಿತು. ಆಗ ತಿರುವಿ ಹಾಕಿದ ಬರೆಹಗಳಲ್ಲೆಲ್ಲ ಒಂದೇ ಅಂಕೆ ಎದುರಾಯಿತು: 85 ಡೆಸಿಬೆಲ್. ಅದಕ್ಕಿಂತ ಕೆಳಗಿದ್ದರೆ ಅಭಯ, ಮೇಲಿದ್ದರೆ ಭಯ. ಮೂಲವನ್ನು ವಿಚಾರಿಸದೆ ಆಧಾರವನ್ನು ಒಪ್ಪುವುದು ಚರಿತ್ರಕಾರನಿಗೆ ಸಲ್ಲದಷ್ಟೆ.

ಗದ್ದಲದಿಂದ ಕಿವುಡು ಬರುವುದೆಂಬ ಅರಿವು ಹಳೆಯದು. ಇಟಲಿಯ ವೈದ್ಯ ರಾಮಜ್ಜೀನಿಯು, 1700ರಲ್ಲಿ ಪ್ರಕಟವಾಗಿ 1713ರಲ್ಲಿ ವಿಸ್ತಾರಗೊಂಡ ತನ್ನ ವೃತ್ತಿರೋಗಗಳ ಗ್ರಂಥದಲ್ಲಿ, ದಿನವಿಡೀ ತಾಮ್ರವನ್ನು ಬಡಿಯುತ್ತಿದ್ದ ವೆನಿಸ್ ನಗರದ ಕಂಚುಗಾರರು ವಯಸ್ಸಾದಂತೆ ಕಿವುಡರಾಗುತ್ತಿದ್ದುದನ್ನು ವರ್ಣಿಸಿದ್ದಾನೆ. 1831ರಲ್ಲಿ ಇಂಗ್ಲೆಂಡಿನ ಫಾಸ್‌ಬ್ರೋಕನು ಕಮ್ಮಾರರ ಕಿವುಡನ್ನು ಕುರಿತು ಬರೆದನು. 1886ರಲ್ಲಿ ಗ್ಲಾಸ್ಗೋವಿನ ಥಾಮಸ್ ಬಾರ್ ಉಗಿಕೊಪ್ಪರಿಗೆ ತಯಾರಿಸುವ ನೂರು ಮಂದಿ ಕಾರ್ಮಿಕರ ಶ್ರವಣವನ್ನು ಪರೀಕ್ಷಿಸಿದಾಗ ಸಹಜ ಶ್ರವಣವುಳ್ಳವನು ಒಬ್ಬನೂ ಸಿಗಲಿಲ್ಲ. ಇವರೆಲ್ಲರ ಲೇಖನಿಯೂ ದುಡಿಯುವ ವಯಸ್ಕನ ಕಿವಿಯನ್ನು ಕುರಿತದ್ದೆಂಬುದು ಗಮನಾರ್ಹ. 1906ರಲ್ಲಿ ನ್ಯೂಯಾರ್ಕಿನಲ್ಲಿ ಜೂಲಿಯಾ ಬಾರ್ನೆಟ್ ರೈಸ್ ಅನಾವಶ್ಯಕ ಗದ್ದಲದ ನಿವಾರಣೆಗೆಂದು ಸಂಘವನ್ನು ಕಟ್ಟಿದಾಗಲೂ, ಮಕ್ಕಳಿಂದ ಪಡೆದುದು ಆಸ್ಪತ್ರೆಗಳ ಬಳಿ ಸದ್ದು ಮಾಡೆವೆಂಬ ಪ್ರತಿಜ್ಞೆಯನ್ನು. ಅಲ್ಲಿ ಮಗು ಗದ್ದಲದ ಕರ್ತೃವಾಗಿ ಕಾಣಿಸಿಕೊಂಡಿತು.

85ರ ವಂಶಾವಳಿಯೂ ಇದೇ. ಅಮೆರಿಕದ ವೃತ್ತಿಸುರಕ್ಷತಾ ಸಂಶೋಧನ ಸಂಸ್ಥೆ 1998ರಲ್ಲಿ ಸಮರ್ಥಿಸಿದ ಈ ಮಿತಿ ದಿನಕ್ಕೆ 8 ಗಂಟೆಯ ದುಡಿಮೆಗೆ ಸಂಬಂಧಿಸಿದುದು. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕಿಳಿಯಬೇಕು. 100 ಡೆಸಿಬೆಲ್ಲಿನಲ್ಲಿ ಉಳಿಯುವುದು 15 ನಿಮಿಷ ಮಾತ್ರ. ಅಲ್ಲದೆ, ಈ ಮಿತಿಯೊಳಗೆ 40 ವರ್ಷ ದುಡಿದವರಲ್ಲಿಯೂ ನೂರಕ್ಕೆ 8 ಮಂದಿ ಹೆಚ್ಚಾಗಿ ಶ್ರವಣನಷ್ಟಕ್ಕೆ ಗುರಿಯಾಗುವರೆಂದು ಆ ಸಂಸ್ಥೆಯೇ ಅಂದಾಜು ಮಾಡಿತ್ತು. ಎಂದರೆ 85 ಎಂಬುದು ನಿರಪಾಯದ ಗೆರೆಯಲ್ಲ. ಕಾರ್ಖಾನೆಗೂ ಕಿವಿಗೂ ನಡುವೆ ಆದ ರಾಜಿ.

ಆ ರಾಜಿಗೆ ಮಗುವನ್ನು ಒಳಪಡಿಸಲಾಗದು. ಒಳಗಿವಿಯಲ್ಲಿ ಸುಮಾರು 15,000 ರೋಮಕೋಶಗಳಿವೆ. ಮನುಷ್ಯನಲ್ಲಿ ಸತ್ತುಹೋದವು ಮರಳಿ ಹುಟ್ಟುವುದಿಲ್ಲ. ಆಯುಷ್ಯವೆಲ್ಲ ಮುಂದಿರುವ ಮಗು ಈ ಬಂಡವಾಳದಲ್ಲಿಯೇ ಬಾಳಬೇಕು. 2009ರಲ್ಲಿ ಕುಜಾವ ಮತ್ತು ಲಿಬರ್ಮನ್ ಎಂಬ ವಿಜ್ಞಾನಿಗಳು ಇಲಿಗಳಲ್ಲಿ, ಗದ್ದಲದ ಬಳಿಕ ಶ್ರವಣವು ಮೊದಲಿನ ಸ್ಥಿತಿಗೆ ಬಂದರೂ ನರತಂತುಗಳ ಸಂಪರ್ಕಗಳು ಶಾಶ್ವತವಾಗಿ ನಷ್ಟವಾಗಬಲ್ಲವೆಂದು ತೋರಿಸಿದರು. ಆದುದರಿಂದ ಕಿವಿ ಮತ್ತೆ ಕೇಳಿಸಿತೆಂಬುದೊಂದೇ ಪೂರ್ಣ ಸಮಾಧಾನವಾಗಲಾರದು. ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಸ್ಫೋಟಶಬ್ದದ ಶಿಖರಮಿತಿಯನ್ನು ವಯಸ್ಕರಿಗೆ 140, ಮಕ್ಕಳಿಗೆ 120 ಡೆಸಿಬೆಲ್ ಎಂದು ಬೇರ್ಪಡಿಸಿತು. ಮಗುವಿಗೆ ಪ್ರತ್ಯೇಕ ಅಂಕೆ ದೊರೆತದ್ದು ಇಷ್ಟು ತಡವಾಗಿ.

ನಮ್ಮ ದೇಶದಲ್ಲಿ 1999ರ ಅಧಿಸೂಚನೆಯು, ಸಿಡಿಯುವ ಸ್ಥಳದಿಂದ 4 ಮೀಟರ್ ದೂರದಲ್ಲಿ 145 ಡೆಸಿಬೆಲ್ ಶಿಖರವನ್ನು ಮೀರುವ ಪಟಾಕಿಗಳನ್ನು ನಿಷೇಧಿಸಿತು. ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಸದ್ದು ಸುಮಾರು 6 ಡೆಸಿಬೆಲ್ ತಗ್ಗುತ್ತದೆ. ಈ ಸ್ಥೂಲ ಗಣನೆಯಂತೆ, ಆ ಮಿತಿಯಲ್ಲಿಯೇ ಸಿಡಿದ ಪಟಾಕಿಯ ಸದ್ದು 120ಕ್ಕೆ ಇಳಿಯಬೇಕಾದರೆ ಮಗು ಸುಮಾರು 70 ಮೀಟರ್ ದೂರದಲ್ಲಿರಬೇಕು. ಶಾಸನಸಮ್ಮತವಾದುದೆಲ್ಲ ಮಗುವಿಗೆ ನಿರಪಾಯವೆಂದು ತಿಳಿಯಬಾರದೆಂಬುದು ಇದರ ತಾತ್ಪರ್ಯ.

ಹಾಗೆಂದು ತಂದೆತಾಯಿಗಳು ಪ್ರತಿ ಸದ್ದಿಗೂ ನಡುಗಬೇಕಾಗಿಲ್ಲ. ದೂರ, ಅವಧಿ, ಕಿವಿಗವಸು, ಈ ಮೂರೂ ನಮ್ಮ ಕೈಯಲ್ಲಿವೆ. ಕಿವಿಯ ಮೊರೆತ ಎರಡು ದಿನ ಕಳೆದರೂ ನಿಲ್ಲದಿದ್ದರೆ, ಅಥವಾ ಕೇಳುವುದು ತಟಕ್ಕನೆ ಕುಂದಿದರೆ, ತಡಮಾಡದೆ ಪರೀಕ್ಷೆ ಮಾಡಿಸತಕ್ಕದ್ದು. ಎಳೆಗೂಸುಗಳ ಶ್ರವಣವನ್ನೂ ಅಳೆಯುವ ಸಾಧನಗಳಿವೆ. 1960ರ ದಶಕದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕಾರ್ಯಕ್ಕೆಂದೇ ಇದೆ.

ನಮ್ಮ ಮಗಳ ಪರೀಕ್ಷೆಯಲ್ಲಿ ದೋಷವೇನೂ ಕಂಡುಬರಲಿಲ್ಲ. ಈ ವರ್ಷವೂ ತೇರಿಗೆ ಹೋದೆವು. ಆದರೆ ಬೀದಿಯ ಕೊನೆಯಲ್ಲಿ, ಕಿವಿಗವಸಿನೊಡನೆ. ಕಳಶ ಅಲ್ಲಿಂದಲೂ ಚೆನ್ನಾಗಿ ಕಾಣುತ್ತಿತ್ತು.